ಬೀರುವಿನಲ್ಲಿದ್ದ ಲಿಂಗ

ನನ್ನ ತಮ್ಮನ ಕೊರಳಿನಿಂದ ಲಿಂಗ ತೆಗೆಸಿದವರು ಹರಿಹರದ ಮಾಬುಸಾಬ್ರು ಎಂದು ಮೊದಲು ಬಾಯಿಬಿಟ್ಟವಳು ನಾನು. ಅದು ಸುಳ್ಳು. ಹೇಳುವಾಗಲೇ ಸುಳ್ಳೆಂದು ನನಗೆ ಗೊತ್ತಿತ್ತು — ಏಕೆಂದರೆ ಆ ಹೊತ್ತಿನಲ್ಲಿ ಆ ಲಿಂಗ ನಿಟ್ಟುವಳ್ಳಿಯ ನಮ್ಮ ಮನೆಯ ಬೀರುವಿನಲ್ಲಿ, ನನ್ನ ಮದುವೆ ಸೀರೆಯ ಮಡಿಕೆಯೊಳಗೆ ಇತ್ತು. ಇಟ್ಟವಳೂ ನಾನೇ.

ಇಷ್ಟನ್ನು ನೇರವಾಗಿ ಬರೆಯಲು ವರ್ಷಗಳೇ ಹಿಡಿದವು. ಬರೆಯಲು ಕೂತಾಗಲೆಲ್ಲ ಮೊದಲು ಬೇರೆ ಏನೇನೋ ಬರುತ್ತಿತ್ತು. ಆಗ ಮನೆಯ ಪರಿಸ್ಥಿತಿ ಹಾಗಿತ್ತು, ಅವ್ವನ ಮೈ ಸರಿ ಇರಲಿಲ್ಲ, ನಮ್ಮ ಯಜಮಾನರ ಸಿಟ್ಟು ನಿಮಗೆ ಗೊತ್ತಿಲ್ಲ… ಅವೆಲ್ಲ ನಿಜವೇ. ಆದರೆ ಅವನ್ನು ಮುಂದಿಟ್ಟರೆ ಹಿಂದಿರುವ ಸುಳ್ಳು ಸಣ್ಣದಾಗಿ ಕಾಣುತ್ತದೆ. ಅದಕ್ಕೇ ಮೊದಲು ಸುಳ್ಳು.

ತಮ್ಮನ ಹೆಸರು ಬಸವರಾಜ. ಮನೆಯಲ್ಲಿ ಬಸು. ನನಗಿಂತ ತುಂಬಾ ಚಿಕ್ಕವನು. ಅಯ್ಯನವರು ಅವನಿಗೆ ಲಿಂಗ ಕಟ್ಟಿದ ದಿನ ಅವ್ವನಿಗೆ ಜ್ವರ. ನಾನೇ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದೆ. ಎಡಗೈಯನ್ನು ಬಟ್ಟಲು ಮಾಡಿ ಅದರಲ್ಲಿ ಲಿಂಗವನ್ನು ಹೇಗೆ ಇಟ್ಟುಕೊಳ್ಳಬೇಕು, ಕಣ್ಣು ಹೇಗೆ ನಿಲ್ಲಿಸಬೇಕು ಎಂದು ತೋರಿಸಿಕೊಟ್ಟವಳೂ ನಾನೇ. ಅಂದಿನಿಂದ ಅವನು ಪೂಜೆಯಾಗದೆ ಚಹಾ ಕೂಡ ಮುಟ್ಟಿದವನಲ್ಲ. ದೊಡ್ಡವನಾದ ಮೇಲೆ ಆವರಗೆರೆ ಕಡೆಯ ಒಬ್ಬನ ಜೊತೆ ಪಾಲಿನಲ್ಲಿ ಟ್ರ್ಯಾಕ್ಟರ್ ಇಟ್ಟು ಇಟ್ಟಿಗೆ ಸಾಗಿಸುತ್ತಿದ್ದ. ಒಂದು ಸಂಜೆ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಕೈಗೆ ಸಿಕ್ಕಿದ ಸರಳಿನಿಂದ ಬಸು ಹೊಡೆದ. ಆ ಮನುಷ್ಯ ಉಳಿಯಲಿಲ್ಲ.

ಪೊಲೀಸರು ಅವನನ್ನು ಕರೆದುಕೊಂಡು ಹೋಗುವಾಗ ವಾಚು, ಬೆಲ್ಟಿನ ಜೊತೆಗೆ ಬೆಳ್ಳಿ ಕರಡಿಗೆಯನ್ನೂ ಬಿಚ್ಚಿಸಿ ನಮಗೆ ಕೊಟ್ಟರು. ಬೆಳ್ಳಿ ಒಳಗೆ ಬಿಡುವುದಿಲ್ಲವಂತೆ. ಕರಡಿಗೆಯೊಳಗೆ ಲಿಂಗ ಹಾಗೇ ಇತ್ತು. ಶಿಕ್ಷೆಯಾಗಿ ಬೇರೆ ಜಿಲ್ಲೆಯ ಜೈಲಿಗೆ ಹಾಕಿದ ಮೇಲೆ, ಮೊದಲ ಭೇಟಿಯಲ್ಲೇ ಜಾಲರಿಯ ಆಚೆಯಿಂದ ಅವನು ಕೇಳಿದ್ದು ಅದೊಂದೇ.

“ಅಕ್ಕಾ, ಬೆಳ್ಳಿ ಬ್ಯಾಡ. ಬಟ್ಟ್ಯಾಗ ಕಟ್ಟಿ ತಂದುಕೊಡು. ಬರೀ ಅಂಗೈ ನೋಡ್ಕೊಂತ ಕೂತಿರ್ತೀನಿ.”

ಹೊರಬಂದು ಗೇಟಿನ ಹತ್ತಿರ ವಿಚಾರಿಸಿದೆ. ಅಲ್ಲಿದ್ದವರು ಒಳ್ಳೆಯ ಮಾತಿನಲ್ಲೇ ಹೇಳಿದರು — “ಬಟ್ಟ್ಯಾಗ ಕಟ್ಟಿದ್ರೆ ಬಿಡ್ತಾರೆ ತಗಳ್ರಿ. ಒಂದು ಅರ್ಜಿ ಕೊಡ್ರಿ ಸಾಕು.” ಮನೆಗೆ ಬಂದು ಹೇಳಿದೆ. ಅವ್ವ ತನ್ನ ಹಳೆಯ ಮಡಿ ಸೀರೆಯ ಅಂಚು ಹರಿದು, ಒಗೆದು, ಒಣಗಿಸಿ, ನನ್ನ ಕೈಗಿಟ್ಟಳು. ಮುಂದಿನ ಭೇಟಿಗೆ ಹೋಗುವಾಗ ಆ ಬಟ್ಟೆ ನನ್ನ ಚೀಲದಲ್ಲಿತ್ತು. ಲಿಂಗ ಬೀರುವಿನಲ್ಲೇ ಉಳಿಯಿತು. ಬಸುವಿಗೆ “ಬಿಡಂಗಿಲ್ಲ ಅಂದ್ರು ಕಣಪ್ಪಾ” ಎಂದೆ. ಮನೆಗೆ ಬಂದು ಅವ್ವನಿಗೆ “ಕೊಟ್ಟು ಬಂದೆ” ಎಂದೆ.

ಯಾಕೆ ಹಾಗೆ ಮಾಡಿದೆ? ಕೊಂದ ಕೈ ಅದು ಎಂದುಕೊಂಡೆ. ನಾನು ಬಟ್ಟಲು ಮಾಡಿ ಕಲಿಸಿದ ಅದೇ ಎಡಗೈ… ಬಲಗೈಯಲ್ಲಿ ಸರಳು ಹಿಡಿದಾಗ ಎಡಗೈ ಏನು ಮಾಡುತ್ತಿತ್ತು? ಆ ಕೈಗೆ ಲಿಂಗ ಕೊಡುವುದೆಂದರೆ ಲಿಂಗಕ್ಕೆ ಮೈಲಿಗೆ ಎಂದು ನಾನೇ ತೀರ್ಮಾನ ಮಾಡಿದೆ. ಬದುಕಿರುವತನಕ ಮೈಮೇಲಿಂದ ಅಗಲಿಸಬಾರದ, ಸತ್ತರೆ ಜೊತೆಗೇ ಮಣ್ಣಿಗೆ ಹೋಗಬೇಕಾದ ವಸ್ತುವನ್ನು ಅಗಲಿಸಿ ಇಡಲು ನನಗೆ ಅಧಿಕಾರ ಕೊಟ್ಟವರು ಯಾರು? ಯಾರೂ ಇಲ್ಲ. ನ್ಯಾಯಾಲಯ ಅವನಿಗೊಂದು ಶಿಕ್ಷೆ ಕೊಟ್ಟಿತ್ತು. ಅದು ಸಾಲದೆಂದು ಅಕ್ಕ ಒಂದು ಸೇರಿಸಿದಳು. ಅಷ್ಟೇ ಅಲ್ಲ — ಅವ್ವ ಹಿತ್ತಿಲಲ್ಲಿರುವ ಹೊತ್ತು ನೋಡಿ, ಬೀರು ತೆಗೆದು, ಅವನ ಲಿಂಗಕ್ಕೂ ವಿಭೂತಿ ಹಚ್ಚಿ ಇಡುತ್ತಿದ್ದೆ. ಅವನ ಬದಲಿಗೆ ನಾನು ಪೂಜೆ ಮಾಡುತ್ತಿದ್ದೇನೆ, ಇನ್ನೇನು ಎಂದು ಸಮಾಧಾನವೂ ಪಟ್ಟುಕೊಂಡಿದ್ದೆ.

ಖೈರುನಕ್ಕ ನನಗೆ ಸಿಕ್ಕಿದ್ದು ಆ ಜೈಲಿನ ಬಸ್ಸಿನಲ್ಲಿ. ನಾನು ದಾವಣಗೆರೆಯಲ್ಲಿ ಹತ್ತುತ್ತಿದ್ದೆ, ಅವಳು ಹರಿಹರದಲ್ಲಿ. ಅವಳ ಗಂಡ ಮಾಬುಸಾಬ್ರು ಪಾತ್ರೆಗೆ ಕಲಾಯಿ ಹಾಕುವವರು. ದಾಯಾದಿಗಳ ಜಾಗದ ಹೊಡೆದಾಟದ ಕೊಲೆ ಕೇಸಿನಲ್ಲಿ ಸಿಕ್ಕಿ ಒಳಗೆ ಹೋಗಿದ್ದರು. ಬಸುವಿನದೂ ಅವರದೂ ಒಂದೇ ಬ್ಯಾರಕ್. ಅವಳಿಗೆ ಬಸ್ಸಿನಲ್ಲಿ ತಲೆ ಸುತ್ತುತ್ತಿತ್ತು, ಕಿಟಕಿಯ ಪಕ್ಕ ಬೇಕು. ದಾವಣಗೆರೆಯಲ್ಲೇ ಕಿಟಕಿಯ ಸೀಟಿನ ಮೇಲೆ ಬುತ್ತಿ ಚೀಲ ಇಟ್ಟು ಕಾಯ್ದಿಡುತ್ತಿದ್ದೆ. ಯಾರಾದರೂ ಜಗಳಕ್ಕೆ ಬಂದರೆ “ನಮ್ಮಕ್ಕ ಹರಿಹರದಾಗ ಹತ್ತತಾರೆ” ಎನ್ನುತ್ತಿದ್ದೆ. ಹರಿಹರದಲ್ಲಿ ಬುರ್ಖಾ ತೊಟ್ಟು ಅವಳು ಹತ್ತಿದಾಗ ಜಗಳಕ್ಕೆ ಬಂದವರ ಮುಖ ನೋಡಬೇಕಿತ್ತು. ಅವಳಿಗೆ ಅದೊಂದು ಖುಷಿ. ಬೇಕೆಂದೇ ದನಿ ಎತ್ತಿ “ತಂಗೀ, ಅವ್ವ ಚೆನ್ನಾಗೈತಾ?” ಎಂದು ಕೇಳುತ್ತಾ ಕೂರುತ್ತಿದ್ದಳು.

ಜೈಲಿನೆದುರಿನ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದೆವು. ನನ್ನ ಶೇಂಗಾ ಚಟ್ನಿ ಅವಳಿಗೆ ಸಪ್ಪೆ.

“ಏನ್ ತಂಗೀ, ನಿಮ್ಮನ್ಯಾಗೆ ಮೆಣಸಿನಕಾಯಿ ಮ್ಯಾಲೆ ಸಿಟ್ಟು ಮಾಡ್ಕೊಂಡೀರೇನು? ಮಗು ನೆಕ್ಕಂಗೈತೆ ಇದು!”

“ನಿನ್ನ ಖಾರ ತಿಂದ್ರೆ ನಾನು ಬಸ್ಸಿನಾಗೆ ಕುಂದ್ರಂಗಿಲ್ಲ, ಸುಮ್ನಿರಕ್ಕ.”

“ನಿಂತ್ಕೊಂಡು ಬಾ. ಎರಡೂ ಸೀಟು ನಂದೇ.”

ಒಳಗಿನ ಸುದ್ದಿ ಹಂಚಿಕೊಳ್ಳುತ್ತಿದ್ದೆವು. ಮಾಬುಸಾಬ್ರು ಬಸುವಿನ ಊಟದ ತಟ್ಟೆ ಮುಚ್ಚಿಡುತ್ತಾರೆಂದು ನನಗೆ ಗೊತ್ತಾಗಿದ್ದು ಅವಳಿಂದ. “ನಿನ್ನ ತಮ್ಮ ದಿನಾ ಮುಂಜಾನಿ ವಿಭೂತಿ ಹಚ್ಕೊಂಡು ಬರೀ ಕೈ ನೋಡ್ಕೊಂಡು ಕುಂದಿರ್ತಾನಂತೆ ತಂಗಿ. ಎದ್ದು ಬರೋತನ ಇವರು ಅವನ ಊಟ ಮುಚ್ಚಿಟ್ಟು, ನೊಣ ಹೊಡಕೊಂತ ಕಾಯ್ತಾರಂತೆ. ಪಾಪ, ಆ ಕಲ್ಲು ಒಳಗೆ ಬಿಡಲ್ಲೇನು?” ನಾನು ರೊಟ್ಟಿ ಮುರಿಯುತ್ತಾ ಬಿಡಲ್ಲ ಎಂದೆ. ಅವಳು ನಂಬಿದಳು. ಯಾಕೆ ನಂಬಬಾರದು? ನಾನು ಅವಳಿಗೆ ಸೀಟು ಕಾಯ್ದಿಡುವವಳು.

ಮುಂದೊಂದು ಭೇಟಿಯಲ್ಲಿ ಬಸು, ಯಾವ ಪೀಠಿಕೆಯೂ ಇಲ್ಲದೆ, “ಅಕ್ಕಾ, ನಾನು ನಮಾಜ್ ಮಾಡ್ತಿದೀನಿ. ನಿನಗೆ ಬ್ಯಾರೆಯೋರಿಂದ ಗೊತ್ತಾಗಬಾರ್ದು ಅಂತ ಹೇಳ್ತಿದೀನಿ” ಎಂದ. ಮುಖ ತಿಳಿಯಾಗಿತ್ತು. ಎಷ್ಟೋ ವರ್ಷಗಳಿಂದ ಆ ಮುಖವನ್ನು ಹಾಗೆ ಕಂಡಿರಲಿಲ್ಲ. ಸಂತೋಷಪಡಬಹುದಿತ್ತೇನೋ. ನನಗೆ ಅನಿಸಿದ್ದು ದ್ರೋಹ. ತೊಡೆಯ ಮೇಲೆ ಕೂರಿಸಿಕೊಂಡವಳಿಗೆ, ತಿಂಗಳು ತಿಂಗಳು ಬಸ್ಸು ಹತ್ತಿ ಬಂದವಳಿಗೆ — ಇದಾ? ನನ್ನನ್ನು ಬಿಟ್ಟುಹೋದ ಹಾಗೆ ಉರಿಯಿತು. ಬೀರುವಿನಲ್ಲಿ ಅವನ ಲಿಂಗ ಬಚ್ಚಿಟ್ಟವಳಿಗೆ ದ್ರೋಹದ ಮಾತು ಎತ್ತುವ ಹಕ್ಕಿದೆಯೇ ಎಂಬ ಯೋಚನೆ ಆಗ ಸುಳಿಯಲೂ ಇಲ್ಲ. ವಾಪಸು ಬರುವಾಗ ಖೈರುನಕ್ಕನ ಜೊತೆ ಮಾತಾಡಲಿಲ್ಲ. ಅವಳಿಗೂ ವಿಷಯ ತಿಳಿದಿತ್ತು. ಹರಿಹರದಲ್ಲಿ ಇಳಿಯುವಾಗ “ನಾನೇನೂ ಹೇಳಿಲ್ಲ ತಂಗಿ, ಅವರೂ ಹೇಳಿಲ್ಲ. ಸಿಟ್ಟು ಮಾಡ್ಬ್ಯಾಡ” ಎಂದಳು. ಮನೆಗೆ ಬಂದು ಅವ್ವನಿಗೂ ಯಜಮಾನರಿಗೂ ನಮಾಜಿನ ವಿಷಯ ಹೇಳಿದೆ.

ಆಮೇಲೆ ನಂದಿನಿ ಬಂದಳು.

ನಂದಿನಿ ಸಂಶೋಧನೆ ಮಾಡುವ ಹುಡುಗಿ. ಜೈಲಿನಲ್ಲಿ ದೇವರ ಕಡೆ ತಿರುಗಿದವರ ಬಗ್ಗೆ, ಒಂದು ಮತ ಬಿಟ್ಟು ಇನ್ನೊಂದಕ್ಕೆ ಹೋದವರ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದಳು. ಬಸು ಒಪ್ಪಿಗೆ ಕೊಟ್ಟ ಮೇಲೆ ನಮ್ಮನ್ನು ಹುಡುಕಿಕೊಂಡು ಬಂದಿದ್ದಳು. ಚಾಪೆಯ ಮೇಲೆ ಕೂತು, ಕೊಟ್ಟ ಮಂಡಕ್ಕಿ ತಿನ್ನುತ್ತಾ, ಮೊದಲು ತನ್ನ ಕೆಲಸ ಎಂಥದೆಂದು ಹೇಳಿದಳು. ಆ ಮಾತುಗಳು ಮನಸ್ಸಿನಲ್ಲಿ ನಿಂತಿವೆ; ಸೊಪ್ಪು ಬಿಡಿಸುವಾಗ, ಜೋಳ ಹಸನು ಮಾಡುವಾಗ ಅವುಗಳ ಜೊತೆ ಜಗಳವಾಡಿದ್ದೇನೆ.

ಅವಳು ಹೇಳಿದ್ದು ಸುಮಾರಾಗಿ ಹೀಗೆ. ಜೈಲಿನಲ್ಲಿ ಮತ ಬದಲಾಯಿಸಿದವನ ಬಗ್ಗೆ ಹೊರಗಿನವರೆಲ್ಲ ಕಾರಣ ಸಿದ್ಧವಾಗಿ ಇಟ್ಟುಕೊಂಡಿರುತ್ತಾರೆ — ಹೆದರಿ ಹೋದ, ಊಟಕ್ಕೆ ಹೋದ, ಯಾರೋ ತಲೆ ಕೆಡಿಸಿದರು. ಅವೂ ಇರಬಹುದು. ಬೀಗ, ಗಂಟೆ, ಒಂಟಿತನ, ಪಕ್ಕದಲ್ಲಿ ಮಲಗುವವನು ಯಾರು, ಇವೆಲ್ಲ ಮನುಷ್ಯನನ್ನು ತಳ್ಳುತ್ತವೆ. ಆದರೆ ಅವನು “ನನಗೆ ಹೀಗನ್ನಿಸಿತು, ಅದಕ್ಕೆ ಹೋದೆ” ಎಂದರೆ ಅದೂ ಒಂದು ಕಾರಣವೇ. ಅದನ್ನು ಬದಿಗಿಟ್ಟು ಉಳಿದದ್ದನ್ನೇ ಕಾರಣ ಎನ್ನುವವನು ಸಂಶೋಧನೆ ಮಾಡುತ್ತಿಲ್ಲ, ತೀರ್ಪು ಕೊಡುತ್ತಿದ್ದಾನೆ. ದೇವರು ನಿಜವಾಗಿ ಅವನ ಹತ್ತಿರ ಬಂದನೋ ಇಲ್ಲವೋ ಎಂದು ಅಳೆಯಲು ತನ್ನ ಬಳಿ ಕೋಲಿಲ್ಲ. ಆದರೆ ಅಳೆಯಲಾಗದ್ದೆಲ್ಲ ಸುಳ್ಳು ಎನ್ನುವುದಕ್ಕೂ ತನ್ನ ಬಳಿ ಆಧಾರವಿಲ್ಲ.

“ನೀವು ಹೇಳಿದ್ದನ್ನ ಯಾರಿಗೂ ಒಯ್ದು ಹೇಳೋದಿಲ್ಲಮ್ಮಾ. ನಾವಿಬ್ಬರೇ ಕೂತು ಮಾತಾಡೋಣವೇ?” ಎಂದಳು.

ಮಂಚದ ಮೇಲೆ ಕೂತಿದ್ದ ಅವ್ವ ಬಿಡಲಿಲ್ಲ. “ನಮ್ಮನ್ಯಾಗೆ ಮುಚ್ಚುಮರೆ ಏನಿಲ್ಲವ್ವಾ. ಇಲ್ಲೇ ಕೇಳು.” ಚೌಕಿಪೇಟೆಯ ದಿನಸಿ ಅಂಗಡಿಯಿಂದ ಊಟಕ್ಕೆ ಬಂದಿದ್ದ ಯಜಮಾನರು ಒಳಕೋಣೆಯಲ್ಲಿದ್ದರು.

ನಂದಿನಿ ಬಸುವಿನ ಬಾಲ್ಯ, ಅಭ್ಯಾಸ ಎಲ್ಲ ಕೇಳಿದಳು. ಚೆನ್ನಾಗಿಯೇ ಹೇಳಿದೆ. ಆಮೇಲೆ ಕೇಳಿದಳು — “ಜೈಲಿಗೆ ಹೋದ ಮೇಲೆ ಅವರ ಪೂಜೆ ಹೇಗೆ ನಡೀತಿತ್ತು?”

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿಬಿಟ್ಟಳು. “ಇವಳೇ ಲಿಂಗ ಬಟ್ಟ್ಯಾಗ ಕಟ್ಟಿ ಕೊಟ್ಟು ಬಂದಾಳಲ್ಲ. ನನ್ನ ಸೀರಿ ಅಂಚು ಹರಿದು ಕೊಟ್ಟೀನಿ.” ಹಾಗೆ ಹೇಳಿದವಳೇ ಥಟ್ಟನೆ ನನ್ನ ಕಡೆ ತಿರುಗಿದಳು. “ಹೌದಲ್ಲೇ ಗಿರಿಜಾ… ಈಗ ನಮಾಜು ಅಂತಾನೆ. ಹಂಗಾರೆ ಕೊರಳಾಗಿದ್ದ ಲಿಂಗ ಏನಾತು?”

ಹೇಳಬಹುದಿತ್ತು. ಬೀರು ನಾನು ಕೂತ ಗೋಡೆಯ ಹಿಂದೆಯೇ ಇತ್ತು. ಎದ್ದು ತಂದು ಅವ್ವನ ಮುಂದಿಟ್ಟಿದ್ದರೆ… ಅವ್ವನ ಕಣ್ಣು ನನ್ನ ಮೇಲೆ, ಆ ಹುಡುಗಿಯ ಕಣ್ಣು ನನ್ನ ಮೇಲೆ.

“ಆ ಮಾಬುಸಾಬನೇ ತೆಗೆಸಿದ” ಎಂದೆ. “ಕಿತ್ತು ಬಿಸಾಕು ಅಂದನಂತೆ.”

ಮಾಬುಸಾಬ್ರು ಎಂದು ಕೂಡ ಅನ್ನಲಿಲ್ಲ. ಮಾಬುಸಾಬ ಎಂದೆ. ನನ್ನ ತಮ್ಮನ ತಟ್ಟೆಯ ಮೇಲೆ ಕೂರುವ ನೊಣ ಹೊಡೆದವರನ್ನು.

ಅವ್ವ ಎದೆ ಹಿಡಿದುಕೊಂಡಳು. ಒಳಕೋಣೆಯ ಬಾಗಿಲಲ್ಲಿ ಯಜಮಾನರು ಕೈ ತೊಳೆಯದೆ ಹಾಗೇ ಬಂದು ನಿಂತಿದ್ದರು. ನಂದಿನಿ ಕೊಟ್ಟ ಮಾತು ಉಳಿಸಿಕೊಂಡಳು, ಅವಳು ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ. ಅದೇ ವಾರ ಯಜಮಾನರು, ಸರಸ್ವತಿ ನಗರದ ನಮ್ಮ ಸೋದರಮಾವ, ಸಮಾಜದ ಇನ್ನೂ ಕೆಲವರು ಸೇರಿ ಜೈಲಿನ ಮೇಲಧಿಕಾರಿಗಳಿಗೆ ದೂರು ಕೊಟ್ಟರು. ಒಳಗೆ ವಿಚಾರಣೆಯಾಯಿತು. ಮಾಬುಸಾಬ್ರು “ಹುಡುಗನ ಕೊರಳಾಗೆ ಏನೂ ಇರಲಿಲ್ಲ ಸಾಹೇಬ್ರೆ” ಎಂದರಂತೆ. ಬಸುವೂ ಅದನ್ನೇ ಹೇಳಿದ. ಅವನ ಮಾತನ್ನು ಯಾರು ಕೇಳುತ್ತಾರೆ? ಮತ ಬಿಟ್ಟವನು, ಅವರು ಹೇಳಿಕೊಟ್ಟಿದ್ದನ್ನು ಹೇಳುತ್ತಾನೆ ಎಂದರು. ಎಷ್ಟು ಸುಲಭ! ಒಬ್ಬ ಮನುಷ್ಯ ತನ್ನೊಳಗೆ ಬದಲಾದನೆಂದರೆ, ತನ್ನ ಕೊರಳಲ್ಲಿ ಏನಿತ್ತು ಎಂದು ಹೇಳುವ ಯೋಗ್ಯತೆಯೂ ಅವನಿಂದ ಹೋಗಿಬಿಡುತ್ತದೆ. ಜೈಲಿನಲ್ಲಿ ಗದ್ದಲವಾಗುವುದು ಬೇಡವೆಂದು ಮಾಬುಸಾಬ್ರನ್ನು ಎಲ್ಲೋ ದೂರದ ಜೈಲಿಗೆ ಕಳಿಸಿಬಿಟ್ಟರು. ಹರಿಹರದಿಂದ ಅಲ್ಲಿಗೆ ರೈಲು, ಆಮೇಲೆ ಬಸ್ಸು, ನಡುವೆ ಒಂದು ರಾತ್ರಿ. ತಲೆ ಸುತ್ತುವ ಹೆಂಗಸು ಒಬ್ಬಳೇ ಹೋಗಿ ಬರುವ ದಾರಿಯಲ್ಲ.

ಆ ಸುದ್ದಿ ಖೈರುನಕ್ಕನಿಗೆ ಯಾರೂ ಮುಟ್ಟಿಸಿರಲಿಲ್ಲ. ಮುಂದಿನ ಭೇಟಿಯ ದಿನವೂ ನಾನು ಸೀಟು ಹಿಡಿದಿದ್ದೆ, ಹೌದು, ಅವತ್ತೂ. ಅವಳು ಎಂದಿನಂತೆ ಹತ್ತಿ, ಕೂತು, ಅವ್ವನ ಆರೋಗ್ಯ ಕೇಳಿದಳು. ಜೈಲಿನ ಗೇಟಿನಲ್ಲಿ ಅವಳ ಗಂಡ ಇಲ್ಲಿಲ್ಲ ಎಂದರು, ಕಾರಣವನ್ನೂ ಹೇಳಿದರು. ನಾನು ಬಸುವನ್ನು ನೋಡಲು ಒಳಗೆ ಹೋಗದೆ ಅವಳ ಪಕ್ಕದಲ್ಲೇ ನಿಂತೆ; ಅವಳಿಗೆ ಅದು ಸ್ನೇಹವೆಂದು ಕಂಡಿರಬೇಕು. ನಿಜವೆಂದರೆ ಬಸುವಿನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಬಿಡಂಗಿಲ್ಲ ಅಂದ್ರು ಎಂದು ಹೇಳಿದವಳು ಯಾರೆಂದು ಅವನಿಗೆ ಗೊತ್ತಿತ್ತಲ್ಲ.

ಬೇವಿನ ಮರದ ಕೆಳಗೆ ಕೂತಾಗ ಅವಳು ಅಳಲಿಲ್ಲ. ಬುತ್ತಿಯ ಗಂಟು ಬಿಚ್ಚಿ ಹಾಗೇ ಮುಂದಿಟ್ಟುಕೊಂಡು ಹೇಳಿದಳು.

“ಯಾರೋ ಚಾಡಿ ಹೇಳ್ಯಾರೆ ತಂಗಿ. ಲಿಂಗ ತೆಗೆಸಿದ ಅಂತ. ನಮ್ಮೋರು ಮಠದ ಕೊಪ್ಪರಿಗಿಗೆ ಕಲಾಯಿ ಹಾಕಿ ಬೆಳೆದೋರು. ದಾಸೋಹದ ಪಾತ್ರೆ ಅಂತ ಚಪ್ಲಿ ಬಿಟ್ಟು ಕುಂದಿರೋರು. ಅವರು ಹಂಗ್ ಮಾಡ್ತಾರಾ?” ಆಮೇಲೆ ನನ್ನ ಕಡೆ ತಿರುಗಿ, ತೀರಾ ಮೆಲ್ಲಗೆ ಕೇಳಿದಳು. “ನಿನಗೇನಾರ ಗೊತ್ತೈತಾ?”

“ಇಲ್ಲಕ್ಕ” ಎಂದೆ.

ಅವಳು ತಲೆಯಾಡಿಸಿದಳು. ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ಕಡೆ ಸರಿಸಿದಳು. ತಿಂದೆ.

ಅದಾದ ಮೇಲೆ ನಾನು ಆ ಬಸ್ಸು ಹತ್ತಲಿಲ್ಲ. ಮಂಡಿನೋವು ಎಂದು ನೆಪ ಹೇಳಿದೆ. ಬಸುವಿನ ಹತ್ತಿರ ನಮ್ಮವರು ಯಾರೂ ಹೋಗಲಿಲ್ಲ. ಖೈರುನಕ್ಕ ಗಂಡನಿರುವ ದೂರದ ಊರಿಗೆ ಒಮ್ಮೆ ಹೊರಟು ದಾರಿಯಲ್ಲೇ ಸುಸ್ತಾಗಿ ವಾಪಸು ಬಂದಳಂತೆ. ಮತ್ತೆ ಹೊರಡುವ ಶಕ್ತಿ ಅವಳಿಗೆ ಬರಲೇ ಇಲ್ಲ. ಗಂಡನ ಮುಖ ನೋಡದೆಯೇ ತೀರಿಕೊಂಡಳು. ಹರಿಹರದ ತರಕಾರಿಯವನೊಬ್ಬ ನಮ್ಮ ಬೀದಿಯಲ್ಲಿ ಮಾತಿಗೆ ಮಾತು ಬಂದು ಹೇಳಿದ್ದು. ನಾನು ಮಣ್ಣಿಗೂ ಹೋಗಲಿಲ್ಲ.

ಅದಕ್ಕೂ ಮೊದಲು ನಂದಿನಿ ಇನ್ನೊಮ್ಮೆ ಬಂದಿದ್ದಳು. ಈ ಸಲ ಮನೆಯಲ್ಲಿ ನಾನೊಬ್ಬಳೇ. ಅವಳ ಮುಖ ಬಾಡಿತ್ತು.

“ಅಮ್ಮಾ, ನಾನು ನಿಮ್ಮ ತಮ್ಮನ ಮಾತನ್ನೂ ಕೇಳಿದೆ, ನಿಮ್ಮ ಮಾತನ್ನೂ ಕೇಳಿದೆ. ಅವರು ಏನು ಹೇಳಿದರೆಂದು ನಿಮಗೆ ಹೇಳೋ ಹಾಗಿಲ್ಲ. ನನ್ನ ಸಂಕಟ ಮಾತ್ರ ಹೇಳ್ತೀನಿ.” ಕೈಯಲ್ಲಿದ್ದ ನೀರಿನ ಲೋಟವನ್ನು ತಿರುಗಿಸುತ್ತಾ ಕೂತಳು. “ಬದಲಾವಣೆ ಅಂದರೆ ಏನು ಅನ್ನೋದರಲ್ಲಿ ಅಕ್ಕನಿಗೆ ಒಂದು ಅರ್ಥ, ತಮ್ಮನಿಗೆ ಒಂದು ಅರ್ಥ ಇರಬಹುದು. ನಿಮಗೆ ಅದು ಬಿಟ್ಟುಹೋಗಿದ್ದು, ಅವರಿಗೆ ಸಿಕ್ಕಿದ್ದು. ಎರಡನ್ನೂ ಬರಕೋತೀನಿ. ಆದರೆ ಲಿಂಗ ಅರ್ಥ ಅಲ್ಲಮ್ಮಾ. ಅದು ಒಂದು ಕಡೆ ಇರುತ್ತೆ, ಇಲ್ಲಾ ಇರೋದಿಲ್ಲ. ಹತ್ತು ಜನ ಹತ್ತು ಥರ ಹೇಳಿದರೂ ಅದು ಇರೋದು ಒಂದೇ ಕಡೆ. ಅದು ಎಲ್ಲಿದೆ?”

ನಾನು ಬೀರುವಿಗೆ ಬೆನ್ನು ಕೊಟ್ಟು ನಿಂತಿದ್ದೆ. ಗೊತ್ತಿಲ್ಲ ಎಂದೆ.

ಅವಳು ಒತ್ತಾಯ ಮಾಡಲಿಲ್ಲ. ಹೊಸಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ, “ನನಗೆ ಪೂರ್ತಿ ತಿಳಿಯೋದಿಲ್ಲ ಅನ್ನೋದು ನಿಜ. ಹಾಗಂತ ನಡೆದದ್ದು ನಡೆದಿಲ್ಲ ಅಂತ ಆಗೋದಿಲ್ಲ” ಎಂದಳು. ನನಗೆ ಹೇಳಿದಳೋ, ತನಗೇ ಹೇಳಿಕೊಂಡಳೋ. ಮತ್ತೆ ಬರಲಿಲ್ಲ. ಬಸುವಿನ ಕಥೆಯನ್ನು ಅವಳು ಏನೆಂದು ಬರೆದಳೋ ನನಗೆ ತಿಳಿಯದು.

ಶಿಕ್ಷೆ ಮುಗಿಸಿ ಬಸು ಹೊರಗೆ ಬಂದ. ನಮ್ಮ ಮನೆಗೆ ಬರಲಿಲ್ಲ, ನಾವು ಕರೆಯಲೂ ಇಲ್ಲ. ಹರಿಹರದಲ್ಲಿ ಖೈರುನಕ್ಕನ ಮನೆಯ ಹತ್ತಿರವೇ ಕೋಣೆ ಹಿಡಿದು ಮೋಟಾರ್ ರಿಪೇರಿ ಕೆಲಸಕ್ಕೆ ಸೇರಿದ. ಅವಳ ಕೊನೆಯ ದಿನಗಳಲ್ಲಿ ಔಷಧಿ ತಂದುಕೊಟ್ಟವನು, ನೀರು ಹಿಡಿದಿಟ್ಟವನು ಅವನೇ. ಈ ಬೇಸಿಗೆಯಲ್ಲಿ ಮಾಬುಸಾಬ್ರು ಬಿಡುಗಡೆಯಾಗಿ ಬಂದರು. ಆ ಸುದ್ದಿಯನ್ನು ಬಸುವೇ ಫೋನು ಮಾಡಿ ಹೇಳಿದ. “ಚಾಚಾ ಬಂದಾರೆ ಅಕ್ಕಾ” ಎಂದಷ್ಟೇ ಹೇಳಿ ಇಟ್ಟ.

ಮಾರನೆಯ ದಿನ ಕರಡಿಗೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹರಿಹರದ ಬಸ್ಸು ಹತ್ತಿದೆ.

ಮೊದಲು ಬಸುವಿನ ಕೋಣೆಗೆ ಹೋದೆ. ಕರಡಿಗೆ ಬಿಚ್ಚಿ ಅವನ ಮುಂದಿಟ್ಟೆ. ಎಲ್ಲ ಹೇಳಿದೆ — ಗೇಟಿನವರು ಬಿಡುತ್ತೇವೆ ಎಂದದ್ದು, ನಾನು ಬಚ್ಚಿಟ್ಟದ್ದು, ಚಾಚಾನ ಮೇಲೆ ಹೇಳಿದ್ದು. ಕೊನೆಗೆ, ನನ್ನಿಂದಲೇ ನೀನು ಹೀಗಾದೆ, ನಾನು ಲಿಂಗ ಕೊಟ್ಟಿದ್ದರೆ ನೀನು ಹೋಗುತ್ತಿರಲಿಲ್ಲ ಎಂದು ಅತ್ತೆ. ಇದನ್ನೇ ನನ್ನ ದೊಡ್ಡ ತಪ್ಪೊಪ್ಪಿಗೆ ಎಂದುಕೊಂಡು ಬಂದಿದ್ದೆ.

ಬಸು ಲಿಂಗವನ್ನು ನೋಡಿದ, ಮುಟ್ಟಲಿಲ್ಲ.

“ಲಿಂಗ ನಿನ್ನ ಹತ್ರಾನೇ ಐತೆ ಅಂತ ಗೊತ್ತಿತ್ತು. ನೀನು ಬಿಸಾಕೋಳಲ್ಲ. ಮನ್ಯಾಗೇ ಎಲ್ಲೋ ಇಟ್ಟಿರ್ತಿ ಅಂತ ಗೊತ್ತಿತ್ತು” ಎಂದ. “ನೀನು ಬಚ್ಚಿಟ್ಟಿದ್ದು ನಿನ್ನ ತಪ್ಪು. ಚಾಚಾನ ಮ್ಯಾಲೆ ಹೇಳಿದ್ದು ಅದಕ್ಕಿಂತ ದೊಡ್ಡ ತಪ್ಪು. ಆದ್ರೆ ನಾನು ನಮಾಜಿಗೆ ನಿಂತಿದ್ದು ನಿನ್ನ ತಪ್ಪಿನಿಂದ ಅಲ್ಲಕ್ಕ. ಕೈ ಖಾಲಿ ಆಗಿತ್ತು ಅಂತ ಹೋಗಿಲ್ಲ ನಾನು. ಖಾಲಿ ಕೈ ಹಿಡ್ಕೊಂಡೇ ಬಾಳ ದಿನ ಕುಂತಿದ್ದೆ, ಪೂಜಿ ನಡೀತಿತ್ತು. ಆಮ್ಯಾಲೆ ಅಲ್ಲಿ ನನಗೆ ಏನೋ ಕೇಳಿಸ್ತು, ಹೋದೆ. ಅದೊಂದು ನಂದು. ಅದನ್ನೂ ನೀನೇ ಮಾಡ್ದೆ ಅನ್ನಬ್ಯಾಡ.”

ಅದನ್ನು ಕೇಳಿ ನನ್ನ ಅಳು ನಿಂತಿತು. ನಂದಿನಿ ಚಾಪೆಯ ಮೇಲೆ ಕೂತು ಹೇಳಿದ್ದು ಆಗ, ಅಷ್ಟು ತಡವಾಗಿ, ಅರ್ಥವಾಯಿತು. ನನ್ನ ಸುಳ್ಳಿನಲ್ಲಿ ಅವನನ್ನು ತಿರುಗಿಸಿದವರು ಮಾಬುಸಾಬ್ರು. ನನ್ನ ಪಶ್ಚಾತ್ತಾಪದಲ್ಲಿ ತಿರುಗಿಸಿದವಳು ನಾನು. ಎರಡರಲ್ಲೂ ಅವನಿಗೆ ಕಾಲಿಲ್ಲ, ಯಾರೋ ಎತ್ತಿ ಇಟ್ಟ ಕಡೆ ಕೂರುವ ವಸ್ತು. ಅವನು ತಾನೇ ನಡೆದು ಹೋಗಿರಬಹುದೆಂದು ಅಕ್ಕನಾದ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಅವನು ಹೋದ ಕಡೆ ನನಗೆ ಈಗಲೂ ಒಪ್ಪಿಗೆಯಿಲ್ಲ. ಸಂಕಟ ಇದ್ದೇ ಇದೆ. ಆದರೆ ಹೋದದ್ದು ಅವನು.

ಬಸುವೇ ನನ್ನನ್ನು ಮಾಬುಸಾಬ್ರ ಮನೆಗೆ ಕರೆದುಕೊಂಡು ಹೋದ. ಹೊಳೆಯ ಕಡೆಯ ಓಣಿ. ಮಾಬುಸಾಬ್ರು ಕಟ್ಟೆಯ ಮೇಲೆ ಕೂತಿದ್ದರು. ಇಷ್ಟು ವರ್ಷ ಹೆಸರು ಹಿಡಿದು ಕೆಡಿಸಿದ ಮನುಷ್ಯನನ್ನು ನಾನು ಹತ್ತಿರದಿಂದ ನೋಡಿದ್ದು ಅವತ್ತೇ ಮೊದಲು. ಕೈಬೆರಳುಗಳಲ್ಲಿ ಕಲಾಯಿಯ ಹಳೆಯ ಸುಟ್ಟ ಕಲೆಗಳಿದ್ದವು. ನಿಂತುಕೊಂಡೇ ಹೇಳಿದೆ. ಕೂಡ್ರಿ ಎಂದು ಅವರು ಅನ್ನಲಿಲ್ಲ.

ಎಲ್ಲ ಕೇಳಿ ಒಂದೇ ಮಾತು ಕೇಳಿದರು. “ಖೈರುನ್‌ಗೆ ಗೊತ್ತಿತ್ತಾ?”

“ಇಲ್ಲ.”

“ನಿಮ್ಮನ್ನ ಕೇಳಿದ್ಲಾ?”

“ಕೇಳಿದ್ಲು. ಗೊತ್ತಿಲ್ಲ ಅಂದೆ.”

ನಾನು ಕ್ಷಮೆ ಎಂಬ ಮಾತು ತೆಗೆದೆ. ಅವರು ಕೈ ಎತ್ತಿ ತಡೆದರು.

“ಅವಳಿಗೆ ಈಗ ಹೇಳಾಕ ಆಗಲ್ಲ. ನನಗೆ ಹೇಳಿದ್ರೆ ಏನು ಬಂತು ತಾಯಿ? ನಾನು ತೆಗೆಸಿಲ್ಲ ಅಂತ ನನಗೆ ಗೊತ್ತೇ ಐತಲ್ಲ. ಎಲ್ಲಿ ಹೇಳಿದ್ರೋ ಅಲ್ಲಿ ಹೇಳ್ರಿ.”

ನಮ್ಮನೆಗೆ ಬಂದವರನ್ನು ಚಹಾ ಕೊಡದೆ ಕಳಿಸುವುದಿಲ್ಲ ಎಂದು ಖೈರುನಕ್ಕ ಬಸ್ಸಿನಲ್ಲಿ ಜಂಬ ಕೊಚ್ಚುತ್ತಿದ್ದಳು. ಅವತ್ತು ಆ ಮನೆಯಲ್ಲಿ ಚಹಾ ಬರಲಿಲ್ಲ. ಬರಬಾರದಿತ್ತು ಕೂಡ.

ವಾಪಸು ಬರುವಾಗ ಬಸ್ಸು ಖಾಲಿ ಇತ್ತು. ಕಿಟಕಿಯ ಪಕ್ಕ ಕೂರಲು ಮನಸ್ಸಾಗಲಿಲ್ಲ.

ಮನೆಯಲ್ಲಿ ಅದೇ ಚಾಪೆ ಹಾಸಿದ ಜಾಗದಲ್ಲಿ, ಅದೇ ಮಂಚದ ಮುಂದೆ ಕರಡಿಗೆ ಇಟ್ಟು ಅವ್ವನಿಗೆ ಹೇಳಿದೆ. ಯಜಮಾನರನ್ನೂ ಕೂರಿಸಿಕೊಂಡಿದ್ದೆ. ಅವರು ಕೇಳಿ ಮುಗಿಸಿ ಎದ್ದುಬಿಟ್ಟರು. “ಮುಗಿದ್ಹೋಗಿದ್ದನ್ನ ಈಗ್ಯಾಕ ಕೆದಕ್ತಿ? ನಾನು ಸಹಿ ಹಾಕಿದೋನು. ನಾಕು ಮಂದಿ ಮುಂದೆ ನನ್ನ ಮುಖ ಎಲ್ಲಿ ಇಟ್ಕೊಳ್ಳಿ?” ಆ ಪ್ರಶ್ನೆ ನ್ಯಾಯವಾದದ್ದೇ. ಅವರನ್ನೂ ನಾನು ವಂಚಿಸಿದ್ದೆ. ನನ್ನ ಮಾತು ನಂಬಿ ಅವರು ಇನ್ನೊಬ್ಬನ ಬದುಕಿನ ಮೇಲೆ ಸಹಿ ಹಾಕಿದ್ದರು.

ಅವ್ವ ಮಾತ್ರ ಕರಡಿಗೆ ತೆಗೆದಳು. ಒಳಗೆ ನಾನು ಹಚ್ಚಿದ ವಿಭೂತಿ ಒಣಗಿ ಅಂಟಿತ್ತು. ಬೈಯುತ್ತಾಳೆ ಎಂದು ಕಾದೆ, ಹೊಡೆದಿದ್ದರೂ ಚೆನ್ನಾಗಿತ್ತು.

“ಇಷ್ಟು ವರ್ಷ ದಿನಾ ಪೂಜಿ ಮುಗಿಸಿ ಆ ಮನುಷ್ಯಗ ಶಾಪ ಹಾಕೀನಲ್ಲೇ” ಎಂದಳು. “ನನ್ನ ಬಾಯಿಲೆ ಹಾಕಿಸಿದೆಲ್ಲೇ ಗಿರಿಜಾ.”

ಅಂದಿನಿಂದ ಅವ್ವ ತನ್ನ ನೀರು ತಾನೇ ಹಿಡಿದುಕೊಳ್ಳುತ್ತಾಳೆ. ನನ್ನ ಕೈಯಿಂದ ವಿಭೂತಿ ತೆಗೆದುಕೊಳ್ಳುವುದಿಲ್ಲ. ಬಸುವಿನ ಲಿಂಗ ಈಗ ಅವಳ ಬಳಿ ಇದೆ. ಅದನ್ನು ಏನು ಮಾಡಬೇಕೆಂದು ನಾನು ಕೇಳಿಲ್ಲ, ಅದು ನಾನು ಕೇಳುವ ಮಾತಲ್ಲ.

ಸೋದರಮಾವನ ಮನೆಗೆ ಹೋಗಿ ಹೇಳಿ ಬಂದೆ. ಅವರು “ಆತು ಬಿಡವ್ವಾ, ಹೊರಗೆ ಹೇಳಬ್ಯಾಡ” ಎಂದು ಬಾಗಿಲು ಮುಂದೆ ಮಾಡಿದರು. ಸಹಿ ಹಾಕಿದ ಉಳಿದವರ ಮನೆಗಳಿಗೂ ಹೋಗುತ್ತಿದ್ದೇನೆ. ಕೆಲವರು ಕೇಳುತ್ತಾರೆ, ಕೆಲವರು ನನಗೂ ತಲೆ ಕೆಟ್ಟಿದೆ ಎನ್ನುತ್ತಾರೆ, ತಮ್ಮ ಹೇಳಿಕೊಟ್ಟಿರಬೇಕು ಎಂದು ಒಬ್ಬರು ಎದುರಿಗೇ ಅಂದರು. ಹಾಗೆ ಅನ್ನಿಸಿಕೊಂಡಾಗ ಬಸುವಿಗೆ ಹೇಗಾಗಿರಬೇಕೆಂದು ಸ್ವಲ್ಪ ತಿಳಿಯಿತು. ಆದರೂ ಹೋಗುತ್ತೇನೆ. ಆ ಸುಳ್ಳು ನಾನು ಹೋಗಲಾಗದ ಮನೆಗಳಿಗೂ ಮುಟ್ಟಿದೆ, ನಿಟ್ಟುವಳ್ಳಿಯ ಜಗಲಿಗಳಲ್ಲಿ, ಅಂಗಡಿಗಳ ಮುಂದೆ, ಮದುವೆ ಮನೆಗಳಲ್ಲಿ ಇನ್ನೂ ಓಡಾಡುತ್ತಿದೆ. ಅದಕ್ಕಾಗಿ ಇದನ್ನು ಬರೆದೆ. ಓದಿದವರು ಆ ಕಥೆ ಕೇಳಿದ್ದರೆ, ಮತ್ತೆಲ್ಲಾದರೂ ಕೇಳಿದರೆ, ಇಷ್ಟು ಹೇಳಿ: ಹರಿಹರದ ಮಾಬುಸಾಬ್ರು ಯಾರ ಕೊರಳಿನಿಂದಲೂ ಲಿಂಗ ತೆಗೆಸಲಿಲ್ಲ. ಅದು ಗಿರಿಜಳ ಬೀರುವಿನಲ್ಲಿತ್ತು.